ಯು.ಕೆ.ಯಲ್ಲಿ ಓದು ಮುಗಿಸಿದ ಮಗಳು ಅಲ್ಲೇ ಇದ್ದು ವೀಸಾ ಬದಲಿಸಿಕೊಳ್ಳಬೇಕೇ, ಊರಿಗೆ ಬಂದು ಹೊಸದಾಗಿ ಅರ್ಜಿ ಹಾಕಬೇಕೇ?

ಸಕಲೇಶಪುರದ ಬೆಳೆಗಾರ (ನವೆಂಬರ್ 2025)

ಎಲ್ಲರಿಗೂ ನಮಸ್ಕಾರ. ನಾವು ಸಕಲೇಶಪುರ ತಾಲ್ಲೂಕಿನ ಸಣ್ಣ ಕಾಫಿ ಬೆಳೆಗಾರರು. ನನ್ನ ಮಗಳು ಹಾಸನದಲ್ಲಿ ಸಿವಿಲ್ ಇಂಜಿನಿಯರಿಂಗ್ ಮುಗಿಸಿ, ಬ್ಯಾಂಕಿನ ಶಿಕ್ಷಣ ಸಾಲ ಪಡೆದು ಕಳೆದ ವರ್ಷ ಇಂಗ್ಲೆಂಡಿಗೆ ಹೋಗಿ, ಸ್ಟ್ರಕ್ಚರಲ್ ಇಂಜಿನಿಯರಿಂಗ್‌ನಲ್ಲಿ ಒಂದು ವರ್ಷದ ಎಂ.ಎಸ್ಸಿ. ಓದಿದ್ದಾಳೆ. ಸೆಪ್ಟೆಂಬರ್‌ನಲ್ಲಿ ಡಿಸರ್ಟೇಷನ್ ಒಪ್ಪಿಸಿದ್ದಾಳೆ, ಅಂತಿಮ ಫಲಿತಾಂಶ ಇನ್ನೂ ಬಂದಿಲ್ಲ. ಅವಳ ಸ್ಟೂಡೆಂಟ್ ವೀಸಾ ಜನವರಿ ಕೊನೆಯವರೆಗೆ ಇದೆ.

ಅಲ್ಲಿನ ಒಂದು ಚಿಕ್ಕ ಕಟ್ಟಡ ವಿನ್ಯಾಸ ಕಂಪನಿಯವರು ಕೆಲಸ ಕೊಡಲು ಸಿದ್ಧರಿದ್ದಾರೆ, ಬೇಕಾದರೆ ಕೆಲಸದ ವೀಸಾಕ್ಕೆ ಸ್ಪಾನ್ಸರ್ ಸಹ ಮಾಡುತ್ತೇವೆ ಎಂದಿದ್ದಾರೆ. ಆದರೆ ಹಾಸನದಲ್ಲಿ ನಮಗೆ ಪರಿಚಯದ ಏಜೆಂಟರೊಬ್ಬರು, ಗ್ರಾಜುಯೇಟ್ ವೀಸಾ (ಅಲ್ಲಿ ಓದು ಮುಗಿಸಿದವರು ಉಳಿದು ಕೆಲಸ ಮಾಡಲು ಕೊಡುವ ವೀಸಾ) ಎರಡು ವರ್ಷಕ್ಕೆ ಮುಗಿದುಹೋಗುವಂಥದ್ದು, ಅದಕ್ಕೆ ಹಣ ಹಾಕುವುದು ವ್ಯರ್ಥ, ಹದಿನಾಲ್ಕು ಲಕ್ಷ ಕೊಟ್ಟರೆ ತಾವೇ ಐದು ವರ್ಷದ ಸ್ಪಾನ್ಸರ್‌ಶಿಪ್ ಕೊಡಿಸುತ್ತೇವೆ, ಮಗಳು ಊರಿಗೆ ಬಂದು ಇಲ್ಲಿಂದಲೇ ಅರ್ಜಿ ಹಾಕಲಿ ಎನ್ನುತ್ತಿದ್ದಾರೆ. ಡಿಸೆಂಬರ್ ಮಧ್ಯದಲ್ಲಿ ಮನೆಯಲ್ಲಿ ನನ್ನ ಅಣ್ಣನ ಮಗನ ಮದುವೆ ಇರುವುದರಿಂದ ಅವಳಿಗೂ ಬರುವ ಆಸೆ ಇದೆ. ಅವಳ ಖಾತೆಯಲ್ಲಿ ದೊಡ್ಡ ಮೊತ್ತ ತೋರಿಸಬೇಕೆಂದೂ ಏಜೆಂಟರು ಹೇಳಿದ್ದಾರೆ. ಕಾಫಿ ಕೊಯ್ಲು ಈಗಷ್ಟೇ ಶುರುವಾಗಿದ್ದು, ಹಣ ಕೈಸೇರಲು ಇನ್ನೂ ಮೂರು ತಿಂಗಳಾದರೂ ಬೇಕು. ತೋಟದ ಮೇಲೆ ಮತ್ತೊಂದು ಸಾಲ ಮಾಡುವ ಮೊದಲು ತಿಳಿದವರ ಮಾತು ಕೇಳೋಣ ಎಂದು ಇಲ್ಲಿ ಬರೆಯುತ್ತಿದ್ದೇನೆ.

ಹೇಮಾವತಿ ದಂಡೆ

ಹೊಳೆನರಸೀಪುರದವನಾದ ನಾನು ಸದ್ಯ ಬರ್ಮಿಂಗ್‌ಹ್ಯಾಮ್‌ನಲ್ಲಿದ್ದೇನೆ. ಸ್ಟೂಡೆಂಟ್ ವೀಸಾದಿಂದ ಗ್ರಾಜುಯೇಟ್ ವೀಸಾಕ್ಕೆ, ಅಲ್ಲಿಂದ ಉದ್ಯೋಗದಾತರು ಸ್ಪಾನ್ಸರ್ ಮಾಡುವ ಕೆಲಸದ ವೀಸಾವಾದ ಸ್ಕಿಲ್ಡ್ ವರ್ಕರ್ ವೀಸಾಕ್ಕೆ ಇಲ್ಲೇ ಇದ್ದುಕೊಂಡು ಬದಲಾಯಿಸಿಕೊಂಡವನು. ದಯವಿಟ್ಟು ಸಾಲ ಮಾಡಬೇಡಿ, ಏಜೆಂಟರಿಗೆ ಮುಂಗಡವನ್ನೂ ಕೊಡಬೇಡಿ.

ಮೊದಲು ತಿಳಿಯಬೇಕಾದದ್ದು ಇಷ್ಟು. ಗ್ರಾಜುಯೇಟ್ ವೀಸಾಕ್ಕೆ ಯು.ಕೆ.ಯ ಒಳಗಿದ್ದುಕೊಂಡೇ, ಸ್ಟೂಡೆಂಟ್ ವೀಸಾ ಜೀವಂತವಿರುವಾಗಲೇ ಅರ್ಜಿ ಹಾಕಬೇಕು. ಭಾರತದಲ್ಲಿ ಕುಳಿತು ಅದನ್ನು ಪಡೆಯಲು ಸಾಧ್ಯವೇ ಇಲ್ಲ. ನಿಮ್ಮ ಮಗಳು ಊರಿಗೆ ಬಂದು, ಜನವರಿ ಕಳೆದು ಸ್ಟೂಡೆಂಟ್ ವೀಸಾ ಮುಗಿದರೆ, ಈ ಓದಿನಿಂದ ದೊರೆತ ಆ ಹಕ್ಕು ಅಲ್ಲಿಗೆ ಮುಗಿಯುತ್ತದೆ. ಏಜೆಂಟರು ಊರಿಗೆ ಕರೆಸಿಕೊಳ್ಳಿ ಎನ್ನುವುದರ ಹಿಂದೆ ನನಗೆ ಕಾಣುವ ಅಪಾಯ ಇದೇ: ಗ್ರಾಜುಯೇಟ್ ವೀಸಾ ಕೈತಪ್ಪಿದ ಮೇಲೆ ಅವಳಿಗೆ ಸ್ಪಾನ್ಸರ್ ಇಲ್ಲದೆ ಬೇರೆ ದಾರಿ ಇರುವುದಿಲ್ಲ, ಆಗ ನೀವು ಅವರು ಕೇಳಿದಷ್ಟು ಕೊಡಬೇಕಾಗುತ್ತದೆ.

ಈ ವೀಸಾ 2021ರ ಜುಲೈ 1ರಂದು ಆರಂಭವಾಯಿತು. ಎಂ.ಎಸ್ಸಿ. ಮಾಡಿದವರಿಗೆ ಈಗ ಎರಡು ವರ್ಷ ಸಿಗುತ್ತದೆ. 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ ಅದು 18 ತಿಂಗಳಿಗೆ ಇಳಿಯಲಿದೆ ಎಂದು ಕಳೆದ ತಿಂಗಳು ಪ್ರಕಟವಾಗಿದೆ. ಇದಕ್ಕೆ ಉದ್ಯೋಗದಾತರ ಸ್ಪಾನ್ಸರ್‌ಶಿಪ್ ಬೇಡ, ಇಂತಿಷ್ಟೇ ಸಂಬಳ ಇರಬೇಕೆಂಬ ಷರತ್ತಿಲ್ಲ, ಖಾತೆಯಲ್ಲಿ ಹಣ ತೋರಿಸಬೇಕೆಂಬ ನಿಯಮವೂ ಇಲ್ಲ. ಅರ್ಜಿ ಶುಲ್ಕ 880 ಪೌಂಡ್, ಆರೋಗ್ಯ ಸರ್‌ಚಾರ್ಜ್ ವರ್ಷಕ್ಕೆ 1,035 ಪೌಂಡ್‌ನಂತೆ ಎರಡು ವರ್ಷಕ್ಕೆ 2,070 ಪೌಂಡ್. ಎರಡೂ ಸೇರಿ 2,950 ಪೌಂಡ್, ಅಂದರೆ ಮೂರು ಲಕ್ಷ ರೂಪಾಯಿ ಮೀರುತ್ತದೆ. ಸಣ್ಣ ಮೊತ್ತವಲ್ಲ, ನಿಜ, ಆದರೆ ಅದು ನೇರವಾಗಿ ಸರ್ಕಾರಕ್ಕೆ ಸಂದಾಯವಾಗುವ ಹಣ, ಮತ್ತು ಅದಕ್ಕೆ ಪ್ರತಿಯಾಗಿ ಅವಳಿಗೆ ಯಾರ ಹಂಗಿಲ್ಲದೆ ಕೆಲಸ ಹುಡುಕಲು, ಸರಿಬಾರದಿದ್ದರೆ ಬಿಟ್ಟು ಇನ್ನೊಂದಕ್ಕೆ ಹೋಗಲು ಎರಡು ವರ್ಷ ಸಿಗುತ್ತದೆ.

ಅರ್ಜಿ ಹಾಕಲು ಪದವಿ ಪ್ರಮಾಣಪತ್ರ ಬರಲಿ, ಘಟಿಕೋತ್ಸವ ನಡೆಯಲಿ ಎಂದು ಕಾಯಬೇಕಾಗಿಲ್ಲ. ಅವಳು ಕೋರ್ಸನ್ನು ಯಶಸ್ವಿಯಾಗಿ ಮುಗಿಸಿದ್ದಾಳೆಂದು ವಿಶ್ವವಿದ್ಯಾಲಯವು ಹೋಮ್ ಆಫೀಸಿಗೆ (ವೀಸಾ ನೋಡಿಕೊಳ್ಳುವ ಅಲ್ಲಿನ ಸರ್ಕಾರಿ ಇಲಾಖೆಗೆ) ತಿಳಿಸಿರಬೇಕು, ಅಷ್ಟೆ. ಆ ವರದಿ ಯಾವ ದಿನ ಹೋಗುತ್ತದೆ ಎಂಬುದನ್ನು ಅಲ್ಲಿನ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಗೆ ಇಂದೇ ಇಮೇಲ್ ಮಾಡಿ ಕೇಳಲಿ.

ಅರಸೀಕೆರೆ ಇಂಜಿನಿಯರ್

ಮೇಲಿನವರು ಏಜೆಂಟರ ಬಗ್ಗೆ ಹೇಳಿದ್ದನ್ನು ಪೂರ್ತಿ ಒಪ್ಪುತ್ತೇನೆ. ಆದರೆ ಗ್ರಾಜುಯೇಟ್ ವೀಸಾವೇ ಸರಿ ಎಂದು ಈಗಲೇ ತೀರ್ಮಾನಿಸುವುದು ಅವಸರವೆನಿಸುತ್ತದೆ, ಏಕೆಂದರೆ ಪ್ರಶ್ನೆ ಕೇಳಿದವರ ಮಗಳಿಗೆ ನಿಜವಾದ ಕಂಪನಿಯೊಂದು ಸ್ಪಾನ್ಸರ್ ಮಾಡಲು ಮುಂದೆ ಬಂದಿದೆ, ಇದು ಎಲ್ಲರಿಗೂ ಸಿಗುವ ಅವಕಾಶವಲ್ಲ.

ಓದು ಮುಗಿಯುವ ಮುನ್ನವೇ ಸ್ಟೂಡೆಂಟ್ ವೀಸಾದಿಂದ ಕೆಲಸದ ವೀಸಾಕ್ಕೆ ಹಾರುವುದನ್ನು 2023ರ ಜುಲೈ 17ರಿಂದ ತಡೆದಿದ್ದಾರೆ. ಇವರ ಮಗಳ ಕೋರ್ಸ್ ಮುಗಿದಿರುವುದರಿಂದ ಆ ತೊಡಕಿಲ್ಲ, ನೇರವಾಗಿ ಸ್ಕಿಲ್ಡ್ ವರ್ಕರ್‌ಗೆ ಬದಲಾಗಬಹುದು. ಈ ವರ್ಷ ಜುಲೈ 22ರಿಂದ ಸಾಮಾನ್ಯ ಸಂಬಳದ ಮಿತಿ ವರ್ಷಕ್ಕೆ 41,700 ಪೌಂಡ್ ಆಗಿದೆ, ಕೆಲಸವೂ ಪದವಿ ಮಟ್ಟದ್ದಾಗಿರಬೇಕು. ಆದರೆ ಹೊಸಬರಿಗೆ, ಅಂದರೆ ಸ್ಟೂಡೆಂಟ್ ಅಥವಾ ಗ್ರಾಜುಯೇಟ್ ವೀಸಾದಿಂದ ಬರುವವರಿಗೆ, 33,400 ಪೌಂಡ್ ಅಥವಾ ಆ ಹುದ್ದೆಗೆ ನಿಗದಿಯಾದ ದರದ ಶೇಕಡ 70, ಇವೆರಡರಲ್ಲಿ ಯಾವುದು ಹೆಚ್ಚೋ ಅದು ಸಾಕು.

ಈ ರಿಯಾಯಿತಿಗೆ ಒಟ್ಟು ನಾಲ್ಕು ವರ್ಷಗಳ ಮಿತಿ ಇದೆ, ಮತ್ತು ಗ್ರಾಜುಯೇಟ್ ವೀಸಾದಲ್ಲಿ ಕಳೆದ ಕಾಲವೂ ಆ ನಾಲ್ಕು ವರ್ಷದೊಳಗೇ ಲೆಕ್ಕಕ್ಕೆ ಬರುತ್ತದೆ. ಮೊದಲೆರಡು ವರ್ಷ ಗ್ರಾಜುಯೇಟ್ ವೀಸಾದಲ್ಲಿ ಇದ್ದರೆ, ಕಡಿಮೆ ಸಂಬಳದ ಸ್ಪಾನ್ಸರ್‌ಶಿಪ್ ಆಮೇಲೆ ಎರಡೇ ವರ್ಷ ಸಿಗುತ್ತದೆ, ಅಷ್ಟರೊಳಗೆ ಸಂಬಳ ಪೂರ್ಣ ಮಿತಿಗೆ ಏರಲೇಬೇಕು. ಕಾಯಂ ವಾಸದ ಅರ್ಹತೆಗೆ ಬೇಕಾದ ಐದು ವರ್ಷದಲ್ಲಿ ಸ್ಕಿಲ್ಡ್ ವರ್ಕರ್ ಕಾಲ ಸೇರುತ್ತದೆ, ಗ್ರಾಜುಯೇಟ್ ಕಾಲ ಸೇರುವುದಿಲ್ಲ. ಆ ಐದನ್ನು ಹತ್ತಕ್ಕೆ ಏರಿಸುವ ಪ್ರಸ್ತಾವ ಮೇ ತಿಂಗಳ ಸರ್ಕಾರಿ ಶ್ವೇತಪತ್ರದಲ್ಲೇ ಇರುವುದರಿಂದ, ಅಲ್ಲಿ ನೆಲೆಸುವ ಯೋಚನೆಯಿದ್ದರೆ ಒಂದೊಂದು ವರ್ಷವೂ ಮುಖ್ಯವಾಗುತ್ತದೆ.

ಕಂಪನಿಯವರೊಂದಿಗೆ ಮಾತಾಡುವಾಗ ಉಪಯೋಗಕ್ಕೆ ಬರುವ ಇನ್ನೊಂದು ಸಂಗತಿ: ವಿದೇಶಿ ಉದ್ಯೋಗಿಯನ್ನು ಸ್ಪಾನ್ಸರ್ ಮಾಡುವವರು ಇಮಿಗ್ರೇಷನ್ ಸ್ಕಿಲ್ಸ್ ಚಾರ್ಜ್ ಎಂಬ ವಾರ್ಷಿಕ ಶುಲ್ಕ ಕಟ್ಟಬೇಕು. ಯು.ಕೆ.ಯೊಳಗೆ ಸ್ಟೂಡೆಂಟ್ ವೀಸಾದಿಂದ ನೇರವಾಗಿ ಬದಲಾಗುವವರ ಮಟ್ಟಿಗೆ ಅದಕ್ಕೆ ವಿನಾಯಿತಿ ಇದೆ, ಗ್ರಾಜುಯೇಟ್ ವೀಸಾದಿಂದ ಬಂದರೆ ಇಲ್ಲ. ಚಿಕ್ಕ ಕಂಪನಿಗೆ ಇದು ತಿಳಿದಿರದೇ ಇರಬಹುದು. ಸಂಬಳ ಎಷ್ಟೆಂದು ಕೇಳಿ ತಿಳಿಸಿ, ಉಳಿದದ್ದು ಅದರ ಮೇಲೆ ನಿಂತಿದೆ.

ಬೇಲೂರಿನ ನರ್ಸ್

ನಾನು ಇಲ್ಲಿ ಯು.ಕೆ.ಯ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತೇನೆ. ಹಣ ಕೊಟ್ಟು ಸ್ಪಾನ್ಸರ್‌ಶಿಪ್ ಕೊಂಡು ಬಂದ ನಮ್ಮ ಕಡೆಯ ಹುಡುಗ ಹುಡುಗಿಯರ ಕಷ್ಟವನ್ನು ಹತ್ತಿರದಿಂದ ನೋಡಿರುವುದರಿಂದ, ಆ ಒಂದು ವಿಷಯದ ಬಗ್ಗೆ ಮಾತ್ರ ಬರೆಯುತ್ತೇನೆ.

ಸರ್ಟಿಫಿಕೇಟ್ ಆಫ್ ಸ್ಪಾನ್ಸರ್‌ಶಿಪ್ (ಸಿಓಎಸ್) ಎಂದರೆ ಜನ ಕಾಗದದ ಪ್ರಮಾಣಪತ್ರ ಎಂದುಕೊಳ್ಳುತ್ತಾರೆ. ನಮ್ಮ ಸಂಬಂಧಿಕರ ಮನೆಯಲ್ಲಿ ಅಂಥದ್ದೊಂದನ್ನು ಕೈಯಲ್ಲಿ ಹಿಡಿದು ನೋಡಿದ್ದೇನೆ: ದಪ್ಪ ಹೊಳಪಿನ ಕಾಗದ, ಮೂಲೆಯಲ್ಲಿ ಚಿನ್ನದ ಬಣ್ಣದ ಗುಂಡು ಮೊಹರು, ಕೆಳಗೆ ಯಾರದೋ ನೀಲಿ ಶಾಯಿಯ ಸಹಿ, ಲ್ಯಾಮಿನೇಟ್ ಬೇರೆ ಮಾಡಿಸಿ ದೇವರ ಮನೆಯಲ್ಲಿ ಇಟ್ಟಿದ್ದರು. ನಿಜವಾದ ಸಿಓಎಸ್ ಹೋಮ್ ಆಫೀಸಿನ ಕಂಪ್ಯೂಟರಿನಲ್ಲಿರುವ ದಾಖಲೆ, ಅಭ್ಯರ್ಥಿಗೆ ಸಿಗುವುದು ಅದರ ಉಲ್ಲೇಖ ಸಂಖ್ಯೆ. ಅದನ್ನು ಕೊಟ್ಟ ಮೂರು ತಿಂಗಳೊಳಗೆ ವೀಸಾ ಅರ್ಜಿಯಲ್ಲಿ ಬಳಸಬೇಕು. ಅದನ್ನು ಕೊಡಲು ಪರವಾನಗಿ ಇರುವ ಎಲ್ಲ ಉದ್ಯೋಗದಾತರ ಪಟ್ಟಿ ಯು.ಕೆ. ಸರ್ಕಾರದ ಜಾಲತಾಣದಲ್ಲಿ ಯಾರು ಬೇಕಾದರೂ ನೋಡುವಂತೆ ಇದೆ. ಏಜೆಂಟರು ಕಂಪನಿಯ ಹೆಸರನ್ನೇ ಹೇಳದಿದ್ದರೆ ಮಾತು ಅಲ್ಲಿಗೇ ನಿಲ್ಲಲಿ.

ಸಿಓಎಸ್ ಶುಲ್ಕ 525 ಪೌಂಡ್, ಅದನ್ನು ಕಟ್ಟುವುದು ಉದ್ಯೋಗದಾತರು. 2024ರ ಡಿಸೆಂಬರ್ 31ರಿಂದ ಈ ಶುಲ್ಕವನ್ನಾಗಲಿ ಪರವಾನಗಿಯ ಖರ್ಚನ್ನಾಗಲಿ ಸ್ಕಿಲ್ಡ್ ವರ್ಕರ್ ಆಗುವವರಿಂದ ವಸೂಲಿ ಮಾಡುವಂತಿಲ್ಲ, ಮಾಡಿದರೆ ಪರವಾನಗಿ ರದ್ದಾಗಬಹುದು. 525 ಪೌಂಡಿಗೂ ಹದಿನಾಲ್ಕು ಲಕ್ಷ ರೂಪಾಯಿಗೂ ನಡುವೆ ಇರುವುದೆಲ್ಲ ಯಾರ ಜೇಬಿಗೆ ಹೋಗುತ್ತದೆ ಎಂದು ಅವರನ್ನೇ ಕೇಳಿ. ಕಂಪನಿಯ ಪರವಾನಗಿ ರದ್ದಾದರೆ ಶಿಕ್ಷೆ ಅನುಭವಿಸುವುದು ಅಲ್ಲಿ ಕೆಲಸ ಮಾಡುವ ನಮ್ಮ ಮಕ್ಕಳೇ. ಸಾಮಾನ್ಯವಾಗಿ 60 ದಿನಗಳಲ್ಲಿ ಹೊಸ ಸ್ಪಾನ್ಸರ್ ಹುಡುಕಬೇಕು, ಇಲ್ಲವೇ ದೇಶ ಬಿಡಬೇಕು. ಅರ್ಜಿಯಲ್ಲಿ ಸುಳ್ಳು ದಾಖಲೆ ಇದ್ದದ್ದು ಗೊತ್ತಾದರಂತೂ ಹತ್ತು ವರ್ಷ ನಿಷೇಧ ಬೀಳಬಹುದು, ತನಗೆ ತಿಳಿಯದೆ ಏಜೆಂಟರು ಹಾಕಿದ್ದು ಎಂದರೆ ಕೇಳುವವರು ಕಡಿಮೆ.

ಕೊಡಿಸುತ್ತೇನೆ ಎನ್ನುವ ಕೆಲಸ ಯಾವುದೆಂದು ವಿಚಾರಿಸಿ. ಅದು ವೃದ್ಧರ ಆರೈಕೆಯ ಕೆಲಸವಾಗಿದ್ದರೆ, ಹೊರದೇಶದಿಂದ ಕೇರ್ ವರ್ಕರ್‌ಗಳನ್ನು ಕರೆಸಿಕೊಳ್ಳುವ ದಾರಿಯನ್ನೇ ಈ ವರ್ಷ ಜುಲೈ 22ಕ್ಕೆ ಮುಚ್ಚಿದ್ದಾರೆ. ಹಾಸನದಿಂದ ಅರ್ಜಿ ಹಾಕುವ ಪ್ರಶ್ನೆಯೇ ಬರುವುದಿಲ್ಲ.

ಸಕಲೇಶಪುರದ ಬೆಳೆಗಾರ

ಇಷ್ಟು ವಿವರವಾಗಿ ಬರೆದ ಮೂವರಿಗೂ ನಾವು ಮನೆಯವರೆಲ್ಲ ಋಣಿಗಳು. ಮಗಳೊಡನೆ ಮಾತಾಡಿದೆ. ಕಂಪನಿಯವರು ಹೇಳಿರುವ ಸಂಬಳ ವರ್ಷಕ್ಕೆ 31,000 ಪೌಂಡ್. ಮೊದಲ ವರ್ಷ ಅದಕ್ಕಿಂತ ಹೆಚ್ಚು ಕೊಡಲು ಅವರಿಗೆ ಆಗುವುದಿಲ್ಲವಂತೆ, ಆದರೆ ಸ್ಪಾನ್ಸರ್ ಪಟ್ಟಿಯಲ್ಲಿ ಅವರ ಹೆಸರಿರುವುದನ್ನು ಅವಳು ನೋಡಿದ್ದಾಳೆ. ಏಜೆಂಟರಿಗೆ ಫೋನ್ ಮಾಡಿ ಕಂಪನಿಯ ಹೆಸರು ಕೇಳಿದೆ. ಕೆಲಸ ಕೇರ್ ಹೋಮಿನಲ್ಲಿ, ಹೆಸರನ್ನು ಅರ್ಧ ಹಣ ಕಟ್ಟಿದ ಮೇಲೆ ಹೇಳುತ್ತೇವೆ ಎಂದರು. ಅಲ್ಲಿಗೆ ಆ ವ್ಯವಹಾರ ಬಿಟ್ಟೆ. ಇನ್ನುಳಿದದ್ದು ಮದುವೆಗೆ ಬರುವ ವಿಚಾರ. ಫಲಿತಾಂಶ ಡಿಸೆಂಬರ್ ಮೊದಲ ವಾರದಲ್ಲಿ ಎಂದು ವಿಶ್ವವಿದ್ಯಾಲಯದವರು ತಿಳಿಸಿದ್ದಾರೆ.

ಅರಸೀಕೆರೆ ಇಂಜಿನಿಯರ್

31,000 ಎಂದರೆ ಹೊಸಬರ ಮಿತಿಯಾದ 33,400ಕ್ಕೂ ಕಡಿಮೆಯಾಯಿತು. ಹಾಗಾಗಿ ನೇರ ಸ್ಕಿಲ್ಡ್ ವರ್ಕರ್ ಈಗ ಆಗುವುದಿಲ್ಲ, ಗ್ರಾಜುಯೇಟ್ ವೀಸಾವನ್ನೇ ತೆಗೆದುಕೊಳ್ಳಲಿ. ಅದರಲ್ಲಿ ಇದೇ ಸಂಬಳಕ್ಕೆ ಇದೇ ಕಂಪನಿಯಲ್ಲಿ ನಿಯಮಬದ್ಧವಾಗಿಯೇ ಕೆಲಸ ಮಾಡಬಹುದು. ಸಂಬಳ ಮಿತಿ ಮುಟ್ಟಿದ ತಿಂಗಳೇ ಸ್ಪಾನ್ಸರ್ ಮಾಡಿಸಿಕೊಳ್ಳಲಿ, ಎರಡು ವರ್ಷ ಪೂರ್ತಿಯಾಗಲೆಂದು ಕಾಯುತ್ತಾ ಕೂರುವುದು ಬೇಡ. ಇಂತಿಷ್ಟು ಕಾಲದಲ್ಲಿ ಸಂಬಳ ಏರಿಸುತ್ತೇವೆ ಎಂಬ ಮಾತನ್ನು ಈಗಲೇ ಬರಹದಲ್ಲಿ ಪಡೆಯುವುದು ಒಳ್ಳೆಯದು.

ಹೇಮಾವತಿ ದಂಡೆ

ಪ್ರಯಾಣದ ಬಗ್ಗೆ ಬಹಳ ಎಚ್ಚರಿಕೆ ಬೇಕು, ಏಕೆಂದರೆ ಇಲ್ಲಿ ಕ್ರಮ ಹಿಂದುಮುಂದಾದರೆ ಹಣವೂ ಅವಕಾಶವೂ ಕೈಬಿಟ್ಟುಹೋಗುತ್ತವೆ. ಅರ್ಜಿ ಹಾಕಿ, ಅದರ ತೀರ್ಮಾನ ಬರುವ ಮುನ್ನ ಯು.ಕೆ. ಮತ್ತು ಐರ್ಲೆಂಡ್ ಸೇರಿದ ಕಾಮನ್ ಟ್ರಾವೆಲ್ ಏರಿಯಾದಿಂದ ಹೊರಗೆ ಹೋದರೆ, ಆ ಅರ್ಜಿಯನ್ನು ಹಿಂಪಡೆದಂತೆ ಎಂದು ಪರಿಗಣಿಸುತ್ತಾರೆ. ತೀರ್ಮಾನಕ್ಕೆ ಸಾಮಾನ್ಯವಾಗಿ ಎಂಟು ವಾರದವರೆಗೆ ಹಿಡಿಯುತ್ತದೆ. ಆ ಅವಧಿಯಲ್ಲಿ ಸ್ಟೂಡೆಂಟ್ ವೀಸಾದ ದಿನಾಂಕ ಮುಗಿದರೂ ಚಿಂತೆಯಿಲ್ಲ. ದಿನಾಂಕದೊಳಗೆ ಅರ್ಜಿ ಹಾಕಿದ್ದರೆ, 1971ರ ಇಮಿಗ್ರೇಷನ್ ಕಾಯ್ದೆಯ 3ಸಿ ವಿಧಿಯಂತೆ ಹಳೆಯ ಹಕ್ಕುಗಳು ತೀರ್ಮಾನ ಬರುವವರೆಗೆ ಮುಂದುವರಿಯುತ್ತವೆ.

ಆದ್ದರಿಂದ ಮದುವೆಗೆ ಬರುವುದಾದರೆ ಅರ್ಜಿ ಹಾಕುವ ಮೊದಲೇ ಬಂದು, ಸ್ಟೂಡೆಂಟ್ ವೀಸಾ ಚಾಲ್ತಿಯಲ್ಲಿರುವಾಗಲೇ ಹಿಂದಿರುಗಿ, ಅಲ್ಲಿ ಕುಳಿತು ಅರ್ಜಿ ಹಾಕಬೇಕು. ಮರಳುವ ಟಿಕೆಟ್ ಮುಂಚೆಯೇ ಮಾಡಿಸಿ, ಕೋರ್ಸ್ ಮತ್ತು ಫಲಿತಾಂಶದ ಬಗ್ಗೆ ವಿಶ್ವವಿದ್ಯಾಲಯದ ಪತ್ರವನ್ನು ಕೈಚೀಲದಲ್ಲೇ ಇಟ್ಟುಕೊಳ್ಳಲಿ, ವಿಮಾನ ನಿಲ್ದಾಣದಲ್ಲಿ ಕೇಳಬಹುದು. ಹೊಸ ಪಾಸ್‌ಪೋರ್ಟ್ ಮಾಡಿಸುವ ಯೋಚನೆಯೇನಾದರೂ ಇದ್ದರೆ ಈ ಸಲ ಕೈಹಾಕುವುದು ಬೇಡ, ಅವಳ ಇವೀಸಾ (ಆನ್‌ಲೈನ್‌ನಲ್ಲಿರುವ ವೀಸಾ ದಾಖಲೆ) ಈಗಿನ ಪಾಸ್‌ಪೋರ್ಟಿಗೇ ಜೋಡಣೆಯಾಗಿರುತ್ತದೆ.

ನನ್ನನ್ನು ಕೇಳಿದರೆ, ಮದುವೆಗೆ ಬರುವುದು ಬೇಡವೆಂದೇ ಹೇಳುತ್ತೇನೆ. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ವಿಶ್ವವಿದ್ಯಾಲಯದ ಕಚೇರಿಗಳು ಮುಚ್ಚಿರುತ್ತವೆ. ಫಲಿತಾಂಶ ಬಂದರೂ ಹೋಮ್ ಆಫೀಸಿಗೆ ವರದಿ ಹೋಗುವುದು ತಡವಾದರೆ ವಿಚಾರಿಸಲು ಜನವರಿಯ ಮೂರು ವಾರ ಮಾತ್ರ ಉಳಿಯುತ್ತದೆ. ಇನ್ನೂ ಒಂದು ಮಾತು, ಈಗ ಅವಳು ಪೂರ್ಣಾವಧಿ ಕೆಲಸ ಮಾಡಬಹುದಾದರೂ ಕಾಯಂ ಹುದ್ದೆಗೆ ಸೇರುವಂತಿಲ್ಲ, ಗ್ರಾಜುಯೇಟ್ ವೀಸಾಕ್ಕೆ ಅರ್ಜಿ ಹಾಕಿದ ಮೇಲೆ ಸೇರಬಹುದು. ಅಂದರೆ ಡಿಸೆಂಬರ್ ಎರಡನೇ ವಾರದಲ್ಲಿ ಅರ್ಜಿ ಹಾಕಿದರೆ ಜನವರಿಯಿಂದಲೇ ಸಂಬಳ ಶುರುವಾಗಬಹುದು. ಕಂಪನಿಯವರು ಹುದ್ದೆಯನ್ನು ಎಷ್ಟು ದಿನ ಖಾಲಿ ಇಟ್ಟುಕೊಳ್ಳುತ್ತಾರೆ ಎಂಬುದನ್ನೂ ಕೇಳಿಕೊಂಡು ನಿರ್ಧರಿಸಿ.

ಸಕಲೇಶಪುರದ ಬೆಳೆಗಾರ

ಜನವರಿ 5ಕ್ಕೆ ಸೇರಿಕೊಳ್ಳಬೇಕೆಂದು ಕಂಪನಿಯವರು ಹೇಳಿದ್ದಾರೆ. ಮಗಳು ಅಲ್ಲೇ ಉಳಿಯುವುದಾಗಿ ತೀರ್ಮಾನಿಸಿದ್ದಾಳೆ. ಶುಲ್ಕಕ್ಕೆ ಬೇಕಾದ ಹಣದಲ್ಲಿ ಒಂದು ಪಾಲು ಅವಳ ಅರೆಕಾಲಿಕ ಕೆಲಸದ ಉಳಿತಾಯದಲ್ಲಿದೆ, ಉಳಿದದ್ದನ್ನು ಸಹಕಾರ ಸಂಘದ ಠೇವಣಿ ತೆಗೆದು ಕಳುಹಿಸುತ್ತೇನೆ. ವಿಶ್ವವಿದ್ಯಾಲಯದ ವರದಿ ಹೋದ ದಿನವೇ ಅರ್ಜಿ ಹಾಕುವಂತೆ ಅವಳಿಗೆ ಹೇಳಿದ್ದೇನೆ.