ಕಾಂಡೆ ನಾಸ್ಟ್: ಓದುಗರು ಕಡಿಮೆ, ದುಡ್ಡು ಜಾಸ್ತಿ?

ಪ್ರಶ್ನೆ: ಓದುಗರು ಕಡಿಮೆ ಇದ್ದರೂ ವೋಗ್ ಅನ್ನೋ ಫ್ಯಾಷನ್ ಪತ್ರಿಕೆಯಿಂದ ಅಮೆರಿಕದ ಪ್ರಕಾಶಕ ಕಾಂಡೆ ನಾಸ್ಟ್ ಅಷ್ಟು ದುಡ್ಡು ಮಾಡಿದ್ದು ಹೇಗೆ? ಅವರ ಪಾರ್ಟಿಗಳೆಲ್ಲ ಸುಮ್ನೆ ಶೋಕಿನಾ?

ಉತ್ತರ: 1909ರಲ್ಲಿ ಕೊಂಡಾಗ ಅದು ನ್ಯೂಯಾರ್ಕಿನ ಸಿರಿವಂತರ ಪುಟ್ಟ ಪತ್ರಿಕೆ. ಎಲ್ಲರಿಗೂ ಮಾರೋಕೆ ಅವರು ಹೋಗಲೇ ಇಲ್ಲ. ದುಬಾರಿ ಸಾಮಾನು ಕೊಳ್ಳುವವರು ಓದಿದರೆ ಸಾಕು, ಅಂಥವರನ್ನು ತಲುಪೋಕೆ ಜಾಹೀರಾತು ಕೊಡುವವರು ತಲೆಗಿಷ್ಟು ಅಂತ ಜಾಸ್ತಿಯೇ ಕೊಡುತ್ತಾರೆ ಅನ್ನೋದು ಅವರ ಲೆಕ್ಕ.

ಉತ್ತರ: ಪಾರ್ಟಿ ಬರೀ ಶೋಕಿ ಅಲ್ಲ. ನ್ಯೂಯಾರ್ಕಿನ ಪಾರ್ಕ್ ಅವೆನ್ಯೂ ಬೀದಿಯ ತಮ್ಮ ಮನೆಗೆ ಹಳೇ ಶ್ರೀಮಂತರ ಜೊತೆ ನಟರು, ಬರಹಗಾರರನ್ನೂ ಕರೆಯುತ್ತಿದ್ದರು. ಪತ್ರಿಕೆಯಲ್ಲಿ ಬರುವ ಜನವೇ ಮನೆಯಲ್ಲೂ! ಈಗಿನ ಬ್ರ್ಯಾಂಡ್ ಈವೆಂಟ್‌ಗಳೂ ಇದೇ ತಾನೇ?

ಉತ್ತರ: ಆದರೆ 1929ರ ಷೇರು ಕುಸಿತ ಅವರನ್ನು ಮುಳುಗಿಸಿತು, ಕಂಪನಿ ಮೇಲಿನ ಹಿಡಿತವೂ ತಪ್ಪಿತು. 1936ರಲ್ಲಿ ಅವರ ಇನ್ನೊಂದು ಪತ್ರಿಕೆ ವ್ಯಾನಿಟಿ ಫೇರ್, ವೋಗ್ ಒಳಗೆ ಸೇರಿಹೋಯಿತು. 1942ರಲ್ಲಿ ತೀರಿಕೊಂಡರು.