ವಾರವಾರ ವ್ಯಾಯಾಮ ಬದಲಾಯಿಸಬೇಕಾ?

ಪ್ರಶ್ನೆ (ಮೈಸೂರಿನಿಂದ): ನಮಸ್ಕಾರ ಮೇಡಂ. ನನಗೆ 36 ವರ್ಷ, ಕೂತು ಮಾಡುವ ಕೆಲಸ. ಹತ್ತು ತಿಂಗಳಿಂದ ವಾರಕ್ಕೆ ಮೂರು ದಿನ ಜಿಮ್‌ಗೆ ಹೋಗುತ್ತಿದ್ದೇನೆ. ಮೊದಲ ನಾಲ್ಕು ತಿಂಗಳು ಚೆನ್ನಾಗಿತ್ತು, ಆಮೇಲೆ ಎಲ್ಲ ನಿಂತುಹೋಯಿತು. ಸ್ಕ್ವಾಟ್ (ಭಾರ ಹೊತ್ತು ಕೂತು ಏಳುವುದು) 40 ಕೆಜಿ, ಬೆಂಚ್ ಪ್ರೆಸ್ (ಬೆಂಚ್ ಮೇಲೆ ಮಲಗಿ ಭಾರ ಮೇಲಕ್ಕೆ ತಳ್ಳುವುದು) 35 ಕೆಜಿ, ಅಲ್ಲಿಂದ ಮೇಲೆ ಹೋಗುತ್ತಿಲ್ಲ. ಸ್ನಾಯುಗಳನ್ನು ಗೊಂದಲಕ್ಕೆ ಕೆಡವಬೇಕು, ವಾರವಾರ ಹೊಸ ವ್ಯಾಯಾಮ ಮಾಡಬೇಕು ಅಂತ ರೀಲ್ಸ್‌ನಲ್ಲಿ ನೋಡಿ ಎರಡು ತಿಂಗಳಿಂದ ಹಾಗೇ ಮಾಡುತ್ತಿದ್ದೇನೆ. ಮೈಕೈ ನೋವು ಜಾಸ್ತಿಯಾಯಿತು, ಎತ್ತುವ ತೂಕ ಮಾತ್ರ ಏರಲಿಲ್ಲ. ತಪ್ಪು ಎಲ್ಲಿದೆ?

ತರಬೇತುದಾರರ ಉತ್ತರ: ಸ್ನಾಯುವಿಗೆ ಗೊಂದಲ ಆಗುವುದಿಲ್ಲ ಸರ್, ಗೊಂದಲ ಆಗಿರುವುದು ನಿಮ್ಮ ಲೆಕ್ಕಕ್ಕೆ. ಕಳೆದ ಸೋಮವಾರ ಬೆಂಚ್‌ನಲ್ಲಿ ಎಷ್ಟು ಕೆಜಿ, ಎಷ್ಟು ಸಲ ಎತ್ತಿದಿರಿ? ಥಟ್ಟಂತ ಹೇಳಲು ಆಗದಿದ್ದರೆ ತಪ್ಪು ಅಲ್ಲೇ ಇದೆ.

ಹೊಸ ವ್ಯಾಯಾಮ ಶುರು ಮಾಡಿದ ಮೊದಲ ಕೆಲವು ವಾರ ಶಕ್ತಿ ಬೇಗ ಏರುತ್ತದೆ. ಆಗ ಸ್ನಾಯು ದಪ್ಪ ಆಗಿರುವುದು ಕಮ್ಮಿ, ಮಿದುಳು ಮತ್ತು ನರಗಳು ಆ ಚಲನೆಯನ್ನು ಕಲಿತಿರುವುದೇ ಜಾಸ್ತಿ. ಕಲಿತು ಮುಗಿಯುವ ಹೊತ್ತಿಗೆ ನೀವು ಬಿಟ್ಟು ಇನ್ನೊಂದಕ್ಕೆ ಹೋಗುತ್ತೀರಿ. ಪ್ರತಿ ವಾರ ಎಲ್‌ಕೆಜಿಗೆ ಹೊಸದಾಗಿ ಸೇರಿದ ಹಾಗೆ. ನೋವನ್ನೂ ನಂಬಬೇಡಿ. ಅಭ್ಯಾಸವಿಲ್ಲದ ಕೆಲಸ ಮಾಡಿದರೆ ಒಂದರಿಂದ ಮೂರು ದಿನ ನೋವು ಇದ್ದೇ ಇರುತ್ತದೆ. ಹಬ್ಬಕ್ಕೆ ಮನೆ ತೊಳೆದರೂ ಬರುತ್ತದಲ್ವಾ!

ನಾಲ್ಕು ಚಲನೆ ಹಿಡಿದುಕೊಳ್ಳಿ: ಕೂತು ಏಳುವುದು, ತಳ್ಳುವುದು, ಎಳೆಯುವುದು, ಸೊಂಟದಿಂದ ಬಗ್ಗಿ ಎತ್ತುವುದು. ಎಂಟು ವಾರ ಇವನ್ನು ಬದಲಾಯಿಸಬೇಡಿ. ಬೆಂಚ್‌ನಲ್ಲಿ 35 ಕೆಜಿ ಹಾಕಿ, ನಿಲ್ಲಿಸದೆ 8 ಸಲ ಎತ್ತಿದರೆ ಒಂದು ಸೆಟ್, ಅಂಥ ಮೂರು ಸೆಟ್ ಮಾಡಿ. ಮುಂದಿನ ಸಲ ಒಂದು ಸೆಟ್‌ನಲ್ಲಾದರೂ 9 ಆಗಲಿ. ಹೀಗೆ ಮೂರೂ ಸೆಟ್ 12ಕ್ಕೆ ಬಂದ ದಿನ ಎರಡೂ ಕಡೆ 1.25 ಕೆಜಿಯ ಪ್ಲೇಟ್ ಸೇರಿಸಿ, ಮತ್ತೆ 8ರಿಂದ ಶುರು. ನೋಟ್‌ಬುಕ್‌ನಲ್ಲಿ ಬರೆದಿಡಿ. ನಿಮ್ಮೂರಿನ ಗರಡಿ ಮನೆಗಳಲ್ಲಿ ಪೈಲ್ವಾನರು ದಿನಾ ಮಾಡಿದ್ದು ಅದೇ ದಂಡ, ಅದೇ ಬಸ್ಕಿ. ಏರುತ್ತಿದ್ದದ್ದು ಎಣಿಕೆ.

ಬೇಜಾರು ಕಳೆಯಲು ಕೊನೆಯ ಹದಿನೈದು ನಿಮಿಷ ಇದೆ. ಹಗ್ಗ ಜಿಗಿಯಿರಿ, ಎರಡು ಕೈಯಲ್ಲಿ ಭಾರ ಹಿಡಿದು ನಡೆಯಿರಿ, ರೋಯಿಂಗ್ ಮಾಡಿ. ಅಲ್ಲಿ ದಿನಕ್ಕೊಂದು ಬದಲಾಯಿಸಿದರೂ ನಷ್ಟ ಇಲ್ಲ. ಭಾನುವಾರ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ. ಒಂದು ಎಚ್ಚರಿಕೆ: ಹತ್ತುವಾಗ ಉಸಿರು ಹೋಗುತ್ತದೆ, ಆದರೆ ತೊಡೆ ಹಿಡಿದುಕೊಳ್ಳುವುದು ಇಳಿದದ್ದಕ್ಕೆ. ಇಳಿಯುವಾಗ ತೊಡೆಯ ಸ್ನಾಯು ಮೈಭಾರ ತಡೆಯುತ್ತಲೇ ಉದ್ದವಾಗುತ್ತದೆ, ನೋವು ಬರುವುದು ಅದರಿಂದ. ಹಾಗಾಗಿ ಸೋಮವಾರ ಸ್ಕ್ವಾಟ್ ಇಟ್ಟುಕೊಳ್ಳಬೇಡಿ, ಬುಧವಾರಕ್ಕೆ ಹಾಕಿ.

ಎಂಟು ವಾರದ ನಂತರ ಒಂದು ವಾರ ಸೆಟ್‌ಗಳನ್ನು ಅರ್ಧ ಮಾಡಿ. ಆಮೇಲೆ ಹತ್ತಿರದ ನೆಂಟರನ್ನೇ ಕರೆಯಿರಿ: ಬೆಂಚ್ ಬದಲು ಇನ್‌ಕ್ಲೈನ್ ಡಂಬೆಲ್ ಪ್ರೆಸ್ (ಓರೆ ಬೆಂಚ್‌ಗೆ ಒರಗಿ ಡಂಬೆಲ್ ತಳ್ಳುವುದು), ಭಾರ ಬೆನ್ನ ಮೇಲಿರುವ ಬ್ಯಾಕ್ ಸ್ಕ್ವಾಟ್ ಬದಲು ಭಾರ ಹೆಗಲ ಮುಂದಿರುವ ಫ್ರಂಟ್ ಸ್ಕ್ವಾಟ್.

ಪ್ರಶ್ನೆ (ಹುಬ್ಬಳ್ಳಿಯಿಂದ): ಅಕ್ಕಾ, ನನ್ನ ಹತ್ತಿರ 5 ಕೆಜಿಯ ಎರಡು ಡಂಬೆಲ್ ಬಿಟ್ಟರೆ ಏನೂ ಇಲ್ಲ. ತೂಕ ಏರಿಸುವುದು ಹೇಗೆ?

ಉತ್ತರ: ತೂಕ ಏರಿಸಲು ಆಗದಿದ್ದರೆ ಕೆಲಸ ಕಷ್ಟ ಮಾಡಿ. ಸ್ಕ್ವಾಟ್‌ನಲ್ಲಿ ಮೂರು ಎಣಿಸುತ್ತಾ ನಿಧಾನ ಇಳಿಯಿರಿ, ಕೆಳಗೆ ಒಂದು ಕ್ಷಣ ನಿಲ್ಲಿ. ಅದೂ ಸುಲಭ ಆದರೆ ಹಿಂದಿನ ಕಾಲನ್ನು ಕುರ್ಚಿ ಮೇಲಿಟ್ಟು ಒಂದೇ ಕಾಲಿನ ಸ್ಕ್ವಾಟ್. ಪುಷ್‌ಅಪ್ ಗೋಡೆಗೆ, ಆಮೇಲೆ ಗಟ್ಟಿ ಮೇಜಿಗೆ, ಆಮೇಲೆ ನೆಲಕ್ಕೆ. ಬೆನ್ನಿನ ಚೀಲದಲ್ಲಿ ಜೋಳ ತುಂಬಿಕೊಂಡರೆ ಅದೂ ತೂಕವೇ. ಕಮ್ಮಿ ಭಾರದಲ್ಲಿ 25–30 ಸಲ ಮಾಡಿದರೂ ಸ್ನಾಯು ಬೆಳೆಯುತ್ತದೆ. ಆದರೆ ಸೆಟ್ ಮುಗಿಯುವಾಗ ಇನ್ನು ಎರಡು ಮೂರಕ್ಕಿಂತ ಜಾಸ್ತಿ ಆಗುವುದಿಲ್ಲ ಅನ್ನಿಸಬೇಕು.

ಪ್ರಶ್ನೆ (ಶಿವಮೊಗ್ಗದಿಂದ): ಅಪ್ಪನಿಗೆ 61, ಬಿಪಿ ಇದೆ. ದಿನಾ ಅರ್ಧ ಗಂಟೆ ವಾಕಿಂಗ್ ಮಾಡುತ್ತಾರೆ. ಅದೇ ಸಾಕಾ?

ಉತ್ತರ: ವಾಕಿಂಗ್ ಬಿಡಿಸಬೇಡಿ. ವಾರಕ್ಕೆ 150 ನಿಮಿಷ ಇಂಥ ಚಟುವಟಿಕೆ ಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ, ಅದು ಬಿರುಸಾಗಿ ನಡೆದರೆ ಸಿಕ್ಕಿತು. ಜೊತೆಗೆ ಎರಡು ದಿನ ಸ್ನಾಯುವಿಗೂ ಕೆಲಸ ಕೊಡಿ ಅನ್ನುತ್ತದೆ. ವೈದ್ಯರನ್ನು ಕೇಳಿ, ಕುರ್ಚಿಯಿಂದ ಕೈ ಊರದೆ ಏಳುವುದರಿಂದ ಶುರು ಮಾಡಿಸಿ. ಉಸಿರು ಬಿಗಿಹಿಡಿಯಬಾರದು, ಬಿಪಿ ಏರುತ್ತದೆ.

ಮೈಸೂರಿನವರು: ಸೋಮವಾರದ ಲೆಕ್ಕ ನಿಜವಾಗಲೂ ನೆನಪಿಲ್ಲ ಮೇಡಂ. ಇವತ್ತು ನೋಟ್‌ಬುಕ್ ತಂದೆ. ಇನ್ನೊಂದು, ರಾತ್ರಿ ಐದು ಗಂಟೆ ಮಾತ್ರ ನಿದ್ದೆ ಆಗುತ್ತಿದೆ. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಉತ್ತರ: ಅಯ್ಯೋ, ಅದನ್ನು ಮೊದಲೇ ಹೇಳಬಾರದಿತ್ತಾ! ನೋಟ್‌ಬುಕ್‌ನ ಮೊದಲ ಕಾಲಂ ನಿದ್ದೆಗೆ ಇಡಿ. ನಿದ್ದೆ ಏಳು ಗಂಟೆ ಆಗುವವರೆಗೆ ಬೆಂಚ್‌ನಲ್ಲಿ 35 ಕೆಜಿಯಲ್ಲೇ ಇರಿ.