ಪದ ಬೇಕು, ಅರ್ಜೆಂಟ್: ಲಾರಿ ಸ್ಟೇರಿಂಗಿನ ‘ಪ್ಲೇ’ಗೆ ಕನ್ನಡದಲ್ಲಿ ಏನೆನ್ನೋಣ?

ಜಮಖಂಡಿಯಿಂದ:

ಎಲ್ಲರಿಗೂ ನಮಸ್ಕಾರ. ನಮ್ಮ ಅಣ್ಣನ ಗ್ಯಾರೇಜಿಗೆ ಹೊಸ ಬೋರ್ಡ್ ಬರೆಸುತ್ತಿದ್ದೇವೆ, ಪೇಂಟರ್ ನಾಳೆ ಬೆಳಗ್ಗೆ ಬರುತ್ತಾನೆ. ಅದರ ಜೊತೆ ಡ್ರೈವರುಗಳ ಕೈಗೆ ಕೊಡಲು ಒಂದು ಹಾಳೆಯ ಚೆಕ್ ಲಿಸ್ಟ್ ಕೂಡ ಕನ್ನಡದಲ್ಲಿ ಮಾಡಬೇಕು. ಕಬ್ಬಿನ ಸೀಸನ್ ಶುರುವಾಗುವ ಮುಂಚೆ ಹಳೆ ಟಾಟಾ 1613, ಲೇಲ್ಯಾಂಡ್ ಗಾಡಿಗಳು ಇಲ್ಲಿ ಸಾಲು ಹಚ್ಚುತ್ತವೆ. ಬಹಳಷ್ಟು ಬರುವುದು ಮುಂದಿನ ಎಕ್ಸಲ್ ಕೆಲಸಕ್ಕೇ. ಕಿಂಗ್ ಪಿನ್, ಬುಷ್ (ಪಿನ್ನಿನ ಸುತ್ತ ಕೂರುವ ಲೋಹದ ಕೊಳವೆ), ಟೈ ರಾಡ್ ಎಂಡ್ (ಎರಡು ಗಾಲಿ ಕೂಡಿಸುವ ರಾಡಿನ ತುದಿಯ ಜಾಯಿಂಟ್), ಡ್ರ್ಯಾಗ್ ಲಿಂಕ್, ಕಮಾನ್ ಪಾಟಾ (ಭಾರ ಹೊರುವ ಬಾಗಿದ ಸ್ಪ್ರಿಂಗ್ ಪಟ್ಟಿಗಳು), ಶ್ಯಾಕಲ್ ಪಿನ್. ಈ ಹೆಸರುಗಳನ್ನು ಹಾಗೇ ಕನ್ನಡ ಅಕ್ಷರದಲ್ಲಿ ಬರೆಯೋಣ ಅಂತಿದ್ದೇನೆ.

ತೊಂದರೆ ಇರುವುದು ‘ಪ್ಲೇ’ ಅನ್ನುವುದರಲ್ಲಿ, ಅಂದರೆ ಭಾಗಗಳು ಕೂಡಿದ ಜಾಗದಲ್ಲಿ ತುಸು ಆಚೆ ಈಚೆ ಸರಿದಾಡುವುದು. ಡ್ರೈವರ್ ಬಂದು ‘ಸ್ಟೇರಿಂಗ್ ಲೂಸ್ ಆಗೇದ್ರೀ’ ಅನ್ನುತ್ತಾನೆ. ಅಣ್ಣ ಗಾಲಿ ಹಿಡಿದು ನೋಡಿ ‘ಪ್ಲೇ ಜಾಸ್ತಿ ಬಂದೈತಿ’ ಅನ್ನುತ್ತಾನೆ. ಹಾಳೆಯಲ್ಲಿ ಮೂರು ಕಾಲಂ ಮಾಡಿದ್ದೇನೆ: ಪ್ಲೇ ಇದೆಯಾ, ಸವೆದಿದೆಯಾ, ಬದಲಿಸಬೇಕಾ. ಮೊದಲನೆಯದಕ್ಕೆ ಏನು ಬರೆಯಲಿ? ಫೋನಿಗೆ ಕೇಳಿದರೆ ‘ಸ್ಟೀರಿಂಗ್ ಆಟ’ ಅಂತ ಕೊಟ್ಟಿತು. ಕಿಂಗ್ ಪಿನ್‌ಗೆ ‘ರಾಜ ಪಿನ್’. ಅಣ್ಣ ಓದಿ ಇನ್ನೂ ನಗುತ್ತಿದ್ದಾನೆ. ದಯವಿಟ್ಟು ಇವತ್ತೇ ಹೇಳಿ.

ವಿಜಯಪುರದಿಂದ:

‘ಸಡಿಲಿಕೆ’ ಇರುವಾಗ ಹುಡುಕಾಟ ಯಾಕೆ ಬೇಕು? ಬರೆಯಿರಿ, ಮುಗಿಯಿತು.

ಆದರೆ ನೀವು ಕೇಳದೆ ಬಿಟ್ಟ ಪದಗಳೇ ನನಗೆ ಹೆಚ್ಚು ಬೇಸರ ತಂದವು. ಕಿಂಗ್ ಪಿನ್, ಬುಷ್, ಲಿಂಕ್ ಎಲ್ಲವನ್ನೂ ಕನ್ನಡ ಅಕ್ಷರದಲ್ಲಿ ಬರೆದರೆ ಅದು ಕನ್ನಡ ಆಗುತ್ತದೆಯೇ? ಎತ್ತಿನ ಬಂಡಿ ಕಟ್ಟಿದ ಜನ ನಾವು. ನೊಗ, ಅಚ್ಚು, ಗುಂಬ, ಕಡಾಣಿ, ಕೀಲೆಣ್ಣೆ, ಇವನ್ನೆಲ್ಲ ಕೊಟ್ಟವರು ಬಡಗಿ ಕಮ್ಮಾರರು, ಯಾವ ಪದಕೋಶ ಸಮಿತಿಯೂ ಅಲ್ಲ. ನನ್ನ ಸಲಹೆ: ಸ್ಟೇರಿಂಗಿಗೆ ‘ಚುಕ್ಕಾಣಿ’, ಕಿಂಗ್ ಪಿನ್‌ಗೆ ‘ಕಡಾಣಿ’, ಬುಷ್‌ಗೆ ‘ಒಳಬಳೆ’, ಕಮಾನ್ ಪಾಟಾಕ್ಕೆ ‘ಬಿಲ್ಲುಪಟ್ಟಿ’. ಕಮಾನ್ ಪಾರಸಿ, ಪಾಟಾ ಮರಾಠಿ. ಎರಡು ಹೊರಗಿನ ಪದ ಕೂಡಿಸಿ ಒಂದು ಕನ್ನಡ ಬೋರ್ಡು!

ಬೆಳಗಾವಿಯಿಂದ:

ಸರ್, ಚುಕ್ಕಾಣಿ ಅಚ್ಚಗನ್ನಡ ಅಂತ ಯಾರು ಹೇಳಿದರು? ಅರಬ್ಬಿಯ ‘ಸುಕ್ಕಾನ್’ ಅದು. ಹಡಗಿನವರ ಬಾಯಿಂದ ಬಂದದ್ದು. ತಮಿಳರು ಈಗಲೂ ಸುಕ್ಕಾನ್ ಅಂತಲೇ ಅನ್ನುತ್ತಾರೆ. ಇನ್ನು ಸಡಿಲ, ಅದು ‘ಶಿಥಿಲ’ದ ತದ್ಭವ. ಪಾರಸಿ ಹೊರಗೆ ಹಾಕಿ ಅರಬ್ಬಿ ಒಳಗೆ ಬಿಟ್ಟುಕೊಂಡರೆ ಅದೇನು ಶುದ್ಧಿ? ನಿಮ್ಮ ಪಟ್ಟಿಯಲ್ಲಿ ಉಳಿಯುವುದು ಕಡಾಣಿ, ಒಳಬಳೆ, ಬಿಲ್ಲು. ಅಲ್ಲಿ ‘ಪಟ್ಟಿ’ ಕೂಡ ಸಂಸ್ಕೃತದ ‘ಪಟ್ಟ’ದ ಕಡೆಯದು.

ವಿಜಯಪುರದಿಂದ:

ತದ್ಭವ ನಮ್ಮದೇ. ಅದಕ್ಕೆ ಕೇಶಿರಾಜ 13ನೆಯ ಶತಮಾನದಲ್ಲೇ ಒಂದು ಪ್ರಕರಣ ಮೀಸಲಿಟ್ಟಿದ್ದಾನೆ. ಸಾವಿರ ವರ್ಷ ಉಜ್ಜಿ ನಮ್ಮ ಬಾಯಿಗೆ ಹೊಂದಿಸಿಕೊಂಡ ಪದ ಬೇರೆ, ನಿನ್ನೆ ಡಬ್ಬಿಯ ಮೇಲಿನ ಲೇಬಲ್ ನೋಡಿ ಬರೆದುಕೊಂಡ ಪದ ಬೇರೆ. ಚುಕ್ಕಾಣಿಯೂ ಹಾಗೆ ಹೊಂದಿಕೊಂಡದ್ದೇ.

ಬೆಳಗಾವಿಯಿಂದ:

ಹಾಗಾದರೆ ‘ಸ್ಟೇರಿಂಗ್’ ಕೂಡ ಹೊಂದಿಕೊಂಡದ್ದೇ. ಇಂಗ್ಲಿಷಿನಲ್ಲಿ ‘ಸ್ಟೀ’, ನಮ್ಮಲ್ಲಿ ‘ಸ್ಟೇ’. ಉಜ್ಜಿದ್ದು ಕಣ್ಣಿಗೆ ಕಾಣುತ್ತಿದೆಯಲ್ಲ.

ಬೆಳಗಾವಿ, ಉದ್ಯಮಬಾಗದಿಂದ:

ವ್ಯುತ್ಪತ್ತಿ ಆಮೇಲೆ ನೋಡಿಕೊಳ್ಳಿ. ‘ಸಡಿಲಿಕೆ’ ಅಂತ ಹಾಳೆಯಲ್ಲಿ ಬರೆದರೆ ಕೆಲಸವೇ ಕೆಡುತ್ತದೆ. ಲೇತ್ ಮೇಲೆ ಬುಷ್ ತಿರುಗಿಸಿ ಹೊಟ್ಟೆ ಹೊರೆಯುವವನು ನಾನು, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ನಮ್ಮ ಭಾಷೆಯಲ್ಲಿ ಸಡಿಲದ ಎದುರಿಗೆ ಬಿಗಿ. ಸಡಿಲ ಅಂದ ಕೂಡಲೇ ಕೈ ಪಾನಾ ಹುಡುಕುತ್ತದೆ. ಡ್ರೈವರ್ ಏನು ಮಾಡುತ್ತಾನೆ? ಸ್ಟೇರಿಂಗ್ ಬಾಕ್ಸಿನ ಮೇಲೆ ಒಂದು ಅಡ್ಜಸ್ಟ್ ಸ್ಕ್ರೂ ಇರುತ್ತದೆ, ಅದನ್ನು ತಿರುಗಿಸುತ್ತಾನೆ. ಕೈಗೆ ಸಿಗುವುದು ಅದೊಂದೇ, ಗಾಡಿ ಎತ್ತಬೇಕಿಲ್ಲ, ದುಡ್ಡು ಖರ್ಚಿಲ್ಲ. ಒಂದೆರಡು ದಿನ ಹಿತ ಅನಿಸುತ್ತದೆ. ಆಮೇಲೆ ಸ್ಟೇರಿಂಗ್ ಬಿರುಸಾಗುತ್ತದೆ, ತಿರುವು ಮುಗಿದರೂ ತಾನಾಗಿ ವಾಪಸ್ ಬರುವುದಿಲ್ಲ, ಬಾಕ್ಸಿನ ಒಳಗಿನ ಹಲ್ಲು ತಿಂದು ಹೋಗುತ್ತವೆ. ಅಷ್ಟಾದರೂ ನಿಜವಾದ ರೋಗ ಅಲ್ಲೇ ಇರುತ್ತದೆ. ಯಾಕೆಂದರೆ ಹೋಗಿದ್ದು ಟೈ ರಾಡ್ ಎಂಡ್ ಅಥವಾ ಕಿಂಗ್ ಪಿನ್ ಬುಷ್. ಅವು ಸವೆದಿವೆ, ಸಡಿಲ ಆಗಿಲ್ಲ. ಸವೆದದ್ದನ್ನು ಬಿಗಿ ಮಾಡಲು ಬರುವುದಿಲ್ಲ, ಬದಲಿಸಬೇಕು.

ಆದ್ದರಿಂದ ಮೊದಲ ಕಾಲಂಗೆ ಕಂಡದ್ದನ್ನು ಮಾತ್ರ ಹೇಳುವ ಪದ ಬೇಕು, ಔಷಧ ಹೇಳುವ ಪದ ಬೇಡ. ಅದು ‘ಅಲುಗಾಟ’. ಗಾಲಿ ಅಲುಗುತ್ತದೆ, ರಾಡ್ ಅಲುಗುತ್ತದೆ. ಯಾಕೆ ಅನ್ನುವುದು ಎರಡನೆಯ ಕಾಲಂ.

ಮುಂದಿನ ಎಕ್ಸಲ್ ಜಾಕ್ ಹಚ್ಚಿ ಎತ್ತಿ, ಕೆಳಗೆ ಗಟ್ಟಿ ದಿಮ್ಮಿ ಕೊಟ್ಟು, ಟೈರನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಬೇಕು. ಲಾರಿ ಟೈರ್ ಕೈಗೆ ಜಗ್ಗದಿದ್ದರೆ ಕೆಳಗೆ ಸಲಾಕೆ ಕೊಟ್ಟು ಎತ್ತಬೇಕು. ಅಲುಗಾಟ ಕಂಡರೆ ಇನ್ನೊಬ್ಬನಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ ಮತ್ತೆ ನೋಡಬೇಕು. ಈಗ ಅಲುಗಾಟ ನಿಂತರೆ ಅದು ಗಾಲಿ ಬೇರಿಂಗಿನದು. ಬ್ರೇಕ್ ಒತ್ತಿದರೂ ಉಳಿದರೆ ಕಿಂಗ್ ಪಿನ್. ಬೇರಿಂಗಿನ ನಟ್ ಬಿಗಿ ಮಾಡಬಹುದು, ಅಲ್ಲಿ ‘ಸಡಿಲ’ ಸರಿ. ಕಿಂಗ್ ಪಿನ್‌ಗೆ ಅದೇ ಪದ ಸರಿಯಲ್ಲ. ಒಂದೇ ಗಾಲಿ, ಒಂದೇ ಅಲುಗಾಟ, ಎರಡು ಕಾರಣ. ನೋಡಿ, ‘ಸಡಿಲಿಕೆ’ ಎಲ್ಲಿ ಕೂಡುತ್ತದೆ ಎಲ್ಲಿ ಕೂಡುವುದಿಲ್ಲ ಅಂತ ಬ್ರೇಕ್ ಪೆಡಲ್ ಹೇಳುತ್ತದೆ.

ಟೈ ರಾಡ್ ಎಂಡಿಗೆ ಜಾಕ್ ಬೇಡ, ಗಾಲಿ ನೆಲದ ಮೇಲೇ ಇರಲಿ. ಒಬ್ಬ ಮೇಲೆ ಕೂತು ಸ್ಟೇರಿಂಗನ್ನು ಆಚೆ ಈಚೆ ಸ್ವಲ್ಪ ಸ್ವಲ್ಪ ತಿರುಗಿಸಬೇಕು, ಇನ್ನೊಬ್ಬ ಕೆಳಗೆ ಮಲಗಿ ಜಾಯಿಂಟಿನ ಮೇಲೆ ಅಂಗೈ ಇಟ್ಟುಕೊಳ್ಳಬೇಕು. ರಾಡ್ ಸರಿದ ಮೇಲೆ ತುಸು ತಡೆದು ‘ಟಕ್’ ಅಂತ ಬಾಲ್ ಸರಿಯುವುದು ಕೈಗೆ ಗೊತ್ತಾಗುತ್ತದೆ. ಕಣ್ಣಿಗೆ ಕಾಣುವ ಮುಂಚೆ ಕೈಗೆ.

ಇನ್ನೊಂದು ಮಾತು. ಹಳೆ ಲಾರಿಯ ಸ್ಟೇರಿಂಗಿಗೆ ತುಸು ಪ್ಲೇ ಇರಲೇಬೇಕು, ಇಲ್ಲದಿದ್ದರೆ ಪ್ರತಿ ಗುಂಡಿಯ ಪೆಟ್ಟೂ ನೇರ ಕೈಗೆ ಬರುತ್ತದೆ. ಇರಬೇಕಾದ ಆ ಪ್ಲೇಗೆ ‘ಬಿಡುವು’ ಅನ್ನಿ. ಮಿತಿ ಮೀರಿದ್ದಕ್ಕೆ ‘ಅಲುಗಾಟ’. ಎರಡಕ್ಕೂ ಇಂಗ್ಲಿಷಿನಲ್ಲಿ ಒಂದೇ ಪದ, ನಮ್ಮಲ್ಲಿ ಎರಡು ಇದ್ದರೆ ನಮಗೇ ಲಾಭ.

ಕಡಾಣಿ ಬಗ್ಗೆ: ಬೇಡವೇ ಬೇಡ. ಕಡಾಣಿ ಅಚ್ಚಿನ ತುದಿಯಲ್ಲಿ ಕೂತು ಗಾಲಿ ಕಳಚಿ ಹೋಗದ ಹಾಗೆ ತಡೆಯುತ್ತದೆ, ಅಷ್ಟೇ. ಲಾರಿಯಲ್ಲಿ ಆ ಕೆಲಸ ಮಾಡುವುದು ನಟ್ಟಿನ ತಲೆಗೆ ಹಾಕುವ ಸ್ಪ್ಲಿಟ್ ಪಿನ್. ಕಿಂಗ್ ಪಿನ್ ಬಾಗಿಲಿನ ಬಿಜಾಗರಿಯ ಸಳಿ ಇದ್ದ ಹಾಗೆ, ಅದರ ಸುತ್ತ ಗಾಲಿ ಎಡಕ್ಕೆ ಬಲಕ್ಕೆ ತಿರುಗುತ್ತದೆ. ಚೀಟಿಯಲ್ಲಿ ‘ಎರಡು ಕಡಾಣಿ’ ಅಂತ ಬರೆದು ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹುಡುಗನನ್ನು ಕಳಿಸಿ ನೋಡಿ. ಹತ್ತು ರೂಪಾಯಿ ಮಾಲು ಹಿಡಿದುಕೊಂಡು ಬರುತ್ತಾನೆ.

ವಿಜಯಪುರದಿಂದ:

ಪದದ ಅರ್ಥ ಬೆಳೆಯುವುದು ಹಾಗೆಯೇ. ‘ಬಂಡಿ’ ರೈಲುಬಂಡಿ ಆಗಲಿಲ್ಲವೇ? ಗ್ಯಾರೇಜಿನಲ್ಲಿ ಆಡುವುದೇ ಅಂತಿಮ ಅಂದರೆ ನಾವು ಇಲ್ಲಿ ಕೂತು ಚರ್ಚೆ ಮಾಡುವುದು ಯಾಕೆ? ಅಲುಗಾಟ ಒಪ್ಪಬಹುದಾದ ಪದ, ಕನ್ನಡದ ಧಾತು. ಬಿಜಾಗರಿ? ಮತ್ತೆ ಮರಾಠಿ.

ಬಾಗಲಕೋಟೆ, ನವನಗರದಿಂದ:

ನಾನು ಕೈಪಿಡಿಗಳ ಅನುವಾದ ಮಾಡುವವಳು. ‘ಅಲುಗಾಟ’ಕ್ಕೆ ನನ್ನದೂ ಮತ. ‘ಅಲ್ಲಾಟ’ ಬೇಡ, ಅದು ಯಾರೋ ಅಲ್ಲಾಡಿಸಿದ ಹಾಗೆ ಕೇಳುತ್ತದೆ. ಎರಡನೆಯ ಕಾಲಂಗೆ ‘ಸವೆತ’ ಸಾಕು. ನಮ್ಮ ಕಡೆ ಘಸಾರಿ ಅಂತಲೂ ಅನ್ನುತ್ತಾರೆ, ಆದರೆ ಅದು ಈಗ ಲೆಕ್ಕಪತ್ರದವರ ಪಾಲಾಗಿದೆ. ಹಾಳೆ ನೋಡಿದ ಲಾರಿ ಮಾಲೀಕ ಆಡಿಟರ್ ಹತ್ತಿರ ಹೋದಾನು.

ಗಾಡಿ ಓಡುವಾಗ ಎಡಕ್ಕೆ ಬಲಕ್ಕೆ ತೂಗಾಡುವುದಕ್ಕೆ ಮಾತ್ರ ‘ಜೋಲಿ ಹೊಡೆಯುವುದು’ ಅಂತ ಬರೆಯಿರಿ. ಅದನ್ನು ಅಲುಗಾಟಕ್ಕೆ ಬೆರೆಸಬೇಡಿ. ಅಲುಗಾಟ ನಿಂತ ಗಾಡಿಯಲ್ಲಿ ಕೈಯಿಂದ ನೋಡುವುದು, ಜೋಲಿ ರಸ್ತೆಯ ಮೇಲೆ ಡ್ರೈವರಿಗೆ ಗೊತ್ತಾಗುವುದು. ಡ್ರೈವರ್ ತುಂಬುವ ಸಾಲು ಬೇರೆ, ಮೆಕ್ಯಾನಿಕ್ ತುಂಬುವ ಸಾಲು ಬೇರೆ ಇರಲಿ.

ಬೆಳಗಾವಿಯಿಂದ:

ಮರಾಠಿ ಮರಾಠಿ ಅಂತ ಎಷ್ಟು ಹೊತ್ತು? ಮರಾಠಿಯ ‘ಅಡಕಿತ್ತಾ’ ನಮ್ಮ ಅಡಕೊತ್ತು. ಅವರು ಅದನ್ನು ಹೊರಗೆ ಎಸೆದಿದ್ದಾರಾ? ಅಡಿಕೆ ಕತ್ತರಿಸುತ್ತಾ ಕೂತಿದ್ದಾರೆ. ನೀವು ವಿಜಯಪುರದವರು, ಗೋಳಗುಮ್ಮಟದ ಕೆಳಗೆ ನಿಂತು ತಲೆ ಎತ್ತಿದರೆ ಒಂದಕ್ಕೊಂದು ಹೆಣೆದುಕೊಂಡ ಕಮಾನುಗಳೇ ಅಲ್ವಾ ಆ ಗುಮ್ಮಟವನ್ನು ಹೊತ್ತಿರುವುದು? ಅಲ್ಲಿಗೆ ಬಂದ ಪ್ರವಾಸಿಗರಿಗೆ ‘ಬಿಲ್ಲು ನೋಡಿ’ ಅಂತ ಹೇಳುತ್ತೀರಾ?

ವಿಜಯಪುರದಿಂದ:

ಗುಮ್ಮಟದ ಕಮಾನು ಬೇರೆ, ಲಾರಿಯ ಕಮಾನು ಬೇರೆ. ವಿಷಯಾಂತರ.

ಬೆಳಗಾವಿಯಿಂದ:

ಎರಡೂ ಬಾಗಿ ಭಾರ ಹೊರುತ್ತವೆ. ವಿಷಯಾಂತರ ಎಲ್ಲಿ ಬಂತು.

ಜಮಖಂಡಿಯಿಂದ:

ಎಲ್ಲರಿಗೂ ಧನ್ಯವಾದ. ಅಲುಗಾಟ, ಸವೆತ, ಬದಲಿ, ಮೂರೂ ಕಾಲಂ ಆಯಿತು. ಬಿಡುವು ಕೂಡ ಒಂದು ಸಾಲಿನಲ್ಲಿ ಹಾಕಿದ್ದೇನೆ: ‘ತುಸು ಬಿಡುವು ಇರಲೇಬೇಕು, ಬಾಕ್ಸಿನ ಸ್ಕ್ರೂ ಮುಟ್ಟಬೇಡಿ.’ ಅಣ್ಣ ಆ ಸಾಲನ್ನು ದಪ್ಪ ಅಕ್ಷರದಲ್ಲಿ ಹಾಕಲು ಹೇಳಿದ. ಬೋರ್ಡಿಗೆ ‘ಮುಂದಿನ ಎಕ್ಸಲ್, ಸ್ಟೇರಿಂಗ್ ಮತ್ತು ಕಮಾನ್ ಪಾಟಾ ದುರಸ್ತಿ’ ಅಂತ ಬರೆಸುತ್ತೇನೆ. ಕನ್ನಡ ಭಾಷಾ ಕಾಯ್ದೆಗೆ 2024ರ ತಿದ್ದುಪಡಿ ಆದ ಮೇಲೆ ಬೋರ್ಡಿನಲ್ಲಿ ಶೇ. 60 ಕನ್ನಡ ಬೇಕಲ್ಲ, ‘ಎಕ್ಸಲ್’ ಕನ್ನಡದ ಲೆಕ್ಕಕ್ಕೆ ಬರುತ್ತದಾ ಅಂತ ಪಕ್ಕದ ಅಂಗಡಿಯವರು ಕೇಳುತ್ತಿದ್ದಾರೆ.

ಬಾಗಲಕೋಟೆ, ನವನಗರದಿಂದ:

ಬೋರ್ಡನ್ನು ಅಳೆಯಲು ಬಂದವರು ಟೇಪ್ ಹಿಡಿದು ಬರುತ್ತಾರೆ, ನಿಘಂಟು ಹಿಡಿದಲ್ಲ. ಇಡೀ ಬೋರ್ಡು ಕನ್ನಡ ಅಕ್ಷರದಲ್ಲೇ ಇದೆ, ಸುಮ್ನೆ ಬರೆಸಿ. ‘ಪಾಟಾ’ ಬದಲು ‘ಪಟ್ಟಿ’ ಅಂದರೂ ಯಾರಿಗೂ ತೊಂದರೆ ಇಲ್ಲ. ಆದರೆ ನಿಮ್ಮ ಗಿರಾಕಿಗಳು ಪಾಟಾ ಅನ್ನುವವರಾದರೆ ಪಾಟಾ.

ಬೆಳಗಾವಿ, ಉದ್ಯಮಬಾಗದಿಂದ:

ಹಾಳೆಯಲ್ಲಿ ಜಾಗ ಇದ್ದರೆ ಇಷ್ಟು ಸೇರಿಸಿ. ಬುಷ್ ಹೊಸದು ಕೂರಿಸುವಾಗ ಬುಷ್‌ನ ಗ್ರೀಸ್ ತೂತು, ನಿಪ್ಪಲ್ ತೂತು ಎದುರುಬದುರು ಬಂದಿವೆಯಾ ನೋಡಬೇಕು. ಬರದಿದ್ದರೆ ಎಷ್ಟು ಗ್ರೀಸ್ ಹೊಡೆದರೂ ಒಳಗೆ ಹೋಗುವುದಿಲ್ಲ, ಹೊಸ ಬುಷ್ ಬೇಗ ಹೋಗುತ್ತದೆ, ಬೈಗುಳ ಲೇತಿನವನಿಗೆ. ಮೇಲಿನ ಕೆಳಗಿನ ಎರಡು ಬುಷ್‌ಗೂ ರೀಮರ್ (ತೂತನ್ನು ಅಳತೆಗೆ ತರುವ ಹತಾರ) ಒಂದೇ ನೇರಕ್ಕೆ ಹಾಯಬೇಕು. ಪಿನ್ ಅಂಗೈಯಿಂದ ಒತ್ತಿದರೆ ಇಳಿಯಬೇಕು, ಸುತ್ತಿಗೆ ಹೊಡೆಯುವ ಹಾಗಿದ್ದರೆ ಬಿಡುವು ಸಾಲದು ಅಂತ ಅರ್ಥ. ನೋಡಿ, ‘ಬಿಡುವು’ ಇಲ್ಲೂ ಕೆಲಸಕ್ಕೆ ಬಂತು. ಪಾಟಾ ಬಿಚ್ಚಿದ್ದರೆ ಯೂ ಬೋಲ್ಟ್ ಹೊಸದೇ ಹಾಕಿ, ಲೋಡ್ ಮೇಲೆ ಒಂದಿಷ್ಟು ಓಡಿದ ಮೇಲೆ ಮತ್ತೆ ಬಿಗಿ ಮಾಡಿ. ಅಲ್ಲಿ ಧಾರಾಳವಾಗಿ ‘ಸಡಿಲ’ ಅನ್ನಬಹುದು, ವಿಜಯಪುರದ ಸರ್‌ಗೂ ಸಮಾಧಾನ ಆಗುತ್ತದೆ. ಟೈ ರಾಡ್ ಎಂಡ್ ಬದಲಿಸಿದರೆ ಕೊನೆಗೆ ಟೋ ಇನ್ ನೋಡದೆ ಗಾಡಿ ಬಿಡಬೇಡಿ, ಹೊಸ ಟೈರಿನ ಅಂಚು ಕೆರೆದು ಹೋಗುತ್ತದೆ.

ವಿಜಯಪುರದಿಂದ:

ಟೋ ಇನ್‌ಗೆ ‘ಒಳಮುಖ’ ಅನ್ನಬಹುದು.

ಬೆಳಗಾವಿ, ಉದ್ಯಮಬಾಗದಿಂದ:

‘ಒಳಬಾಗು’ ಅಂತ ಬರದಿದ್ದದ್ದೇ ಪುಣ್ಯ, ಅದು ಕ್ಯಾಂಬರ್, ಅಂದರೆ ಗಾಲಿಯ ಮೇಲ್ತುದಿ ಒಳಗೆ ಅಥವಾ ಹೊರಗೆ ವಾಲುವುದು, ಆಗುತ್ತಿತ್ತು. ಒಳಮುಖ ಪರವಾಗಿಲ್ಲ. ಎರಡು ಗಾಲಿಯ ಮೂತಿ ತುಸು ಒಳಗೆ ನೋಡುವುದೇ ಟೋ ಇನ್. ಹೊರಗೆ ನೋಡಿದರೆ ಹೊರಮುಖ. ಇದನ್ನು ನಾನೂ ಬಳಸುತ್ತೇನೆ.

ಬೆಳಗಾವಿಯಿಂದ:

‘ಮುಖ’ ಸಂಸ್ಕೃತ.

ವಿಜಯಪುರದಿಂದ:

‘ಒಳಮೊಗ’ ಅನ್ನಿ ಹಾಗಾದರೆ. ಮುಖದ ತದ್ಭವ, ಹಳಗನ್ನಡದಿಂದ ಇದೆ. ಇನ್ನೇನು ತಕರಾರು?

ಜಮಖಂಡಿಯಿಂದ:

ಸರ್, ಹಾಳೆ ಪ್ರಿಂಟಿಗೆ ಹೋಯಿತು. ಒಳಮುಖ ಅಂತಲೇ ಹೋಗಿದೆ.